ನಾಯಕನ ಎಲೆ ಇಳಿಸುವ ಹೊತ್ತು

ಕೆಂಪು ಅಂಕಿ ನಲವತ್ತೊಂದು, ಅದರಲ್ಲಿ ಒಂದರ ಕಾಲು ಅರ್ಧ ಉರಿಯುತ್ತಿಲ್ಲ, ಮಿಲ್ಟನ್‌ನ ಕೈಯಲ್ಲಿರುವ ಸರದಿ ಚೀಟಿ ನಲವತ್ತೇಳು, ಬೆವರಿಗೆ ಆಗಲೇ ಮೆತ್ತಗಾಗಿದೆ, ಔಷಧಿ ಅಂಗಡಿಯ ಫ್ಯಾನು ತಿರುಗುತ್ತದೆ, ಗಾಳಿ ಮಾತ್ರ ಬರುವುದಿಲ್ಲ — ಸಾಲ್ತೊ ಊರಿನ ಜನವರಿಯೇ ಹೀಗೆ, ನಡುಬೇಸಿಗೆ, ಕಿತ್ತಳೆ ಕಾಯಿ ಮರದಲ್ಲೇ ಬೇಯುತ್ತದೆ — ಇನ್ನು ಆರು ಜನ, ಆರು ಜನ ಮುಗಿಯುವುದರೊಳಗೆ ಮಾತು ಜೋಡಿಸಿಕೊಳ್ಳಬೇಕು, ಯಾಮಿ, ತಪ್ಪು ನನ್ನದು, ಅಷ್ಟೇ, ಮೂರೇ ಮಾತು, ಮೂರು ಮಾತಿಗೆ ಹತ್ತೊಂಬತ್ತು ದಿನ ಬೇಕಾಯಿತೇನೋ ಮುದುಕ, ಗಾಜಿನಾಚೆ ಬಿಳಿ ಕೋಟು ತೊಟ್ಟು ಯಾರಿಗೋ ಮುಲಾಮು ಹುಡುಕುತ್ತಿದ್ದಾಳೆ ಯಾಮಿಲಾ, ಅಕ್ಕನ ಮಗಳು, ಇಪ್ಪತ್ತಮೂರು ವರ್ಷ, ಅವನನ್ನು ನೋಡಿದ್ದಾಳೆ, ನೋಡಿಯೂ ನೋಡದ ಹಾಗಿದ್ದಾಳೆ, ಅದರಲ್ಲಿ ಅವಳು ಥೇಟ್ ತಾಯಿಯೇ, ರಕ್ತದೊತ್ತಡದ ಮಾತ್ರೆ ಮನೆಯಲ್ಲಿ ಇನ್ನೂ ಅರ್ಧ ಪಟ್ಟಿ ಉಳಿದಿದೆ, ಅದು ಅವನಿಗೂ ಗೊತ್ತು, ಅಕ್ಕನ ಮನೆಗೆ ಹೋಗುವ ಮುಖವಿಲ್ಲದವನು ಇಲ್ಲಿಗೆ ಬಂದಿದ್ದಾನೆ, ಇಲ್ಲಾದರೆ ಗಿರಾಕಿಯನ್ನು ಅವಳು ಹೊರಗೆ ಅಟ್ಟುವಂತಿಲ್ಲ ಎಂಬ ಲೆಕ್ಕಾಚಾರ, ಇದರಲ್ಲೂ ಲೆಕ್ಕಾಚಾರ, ನಲವತ್ತೆರಡು.

ಆಟ ಕಲಿಸಿದವಳು ಅವಳೇ, ಭಾನುವಾರ ಮಧ್ಯಾಹ್ನ, ಅಕ್ಕನ ಮನೆಯಲ್ಲಿ ರವಿಯೋಲಿ ತಿಂದು ಎಲ್ಲರೂ ಮಲಗಿದ ಹೊತ್ತಿಗೆ, ಕಿತ್ತಳೆ ಕಾರ್ಖಾನೆಯಿಂದ ನಿವೃತ್ತನಾಗಿ ಬಂದವನಿಗೆ ಕಾಲ ಹೋಗುವುದಿಲ್ಲ ಅಂತ, ಮೊಬೈಲು ಅವನ ಕೈಗಿಟ್ಟು, ಬಾ ಮಾವ, ಇದೂ ಇಸ್ಪೀಟೇ, ಆದ್ರೆ ಇಲ್ಲಿ ಯಾರೂ ಎಲೆನ ತೋಳೊಳಗೆ ಬಚ್ಚಿಡೋಕಾಗಲ್ಲ, ನಿನ್ನಂಥೋರಿಗೆ ಸ್ವಲ್ಪ ಕಷ್ಟ, ಅಂತ ನಕ್ಕಿದ್ದಳು — ನೋಡು, ಇದು ನಾಯಕನ ಎಲೆ, ಬೇರೆಯವು ಹಂಚಿಕೆಯಲ್ಲಿ ಬರ್ತವೆ, ಇದು ಮೊದಲಿಂದ್ಲೂ ಮೂಲೇಲಿ ಕೂತಿರತ್ತೆ, ಮೂರು ಸುತ್ತಿನ ಆಟದಲ್ಲಿ ಒಂದೇ ಒಂದ್ಸಲ ಇಳಿಸ್ಬೋದು — ಅವನು ಮೊದಲ ಸುತ್ತಿನ ಮೊದಲ ಸರದಿಗೇ ಇಳಿಸಿಬಿಟ್ಟ, ಅವಳು ಹಣೆ ಚಚ್ಚಿಕೊಂಡಳು, ಅಯ್ಯೋ, ಚಿಮಿಚುರಿನಾ ಇದು, ಸಿಕ್ಕಿದ ಮಾಂಸದ ತುಂಡಿಗೆಲ್ಲ ಸವರೋಕೆ, ಎದುರಿನೋನು ಒಳ್ಳೆ ಎಲೆಗಳನ್ನೆಲ್ಲ ಚೆಲ್ಲಿ ಕೈ ಬರಿದು ಮಾಡ್ಕೊಳ್ಳೋವರೆಗೂ ತಡ್ಕೋ, ಅವನು ಪಾಸ್ ಅಂದ್ಮೇಲೆ ಇಳಿಸು, ಆಗ ಅವನಿಗೆ ಉತ್ತರ ಇರಲ್ಲ. ತಡೆದುಕೊಳ್ಳುವುದು ಎಂದರೆ ಅವನಿಗೆ ಹೇಳಿ ಮಾಡಿಸಿದ ವಿದ್ಯೆ, ಎಷ್ಟು ಚೆನ್ನಾಗಿ ಕಲಿತನೆಂದರೆ ಆಮೇಲೆ ಇಳಿಸುವುದನ್ನೇ ಮರೆತ, ಆಟ ಮುಗಿದು ಸೋಲು ಎಂದು ಬಂದಾಗಲೂ ಅವನ ನಾಯಕ, ಗಡ್ಡದ ದೋಣಿಗಾರ, ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಮೂಲೆಯಲ್ಲಿ ಕೂತೇ ಇರುತ್ತಿದ್ದ, ಯಾಮಿಲಾ ಕೆರಳುತ್ತಿದ್ದಳು, ಬೇಗ ಇಳಿಸಿ ಸೋತೋನಿಗೆ ಆಸೆಬುರುಕ ಅಂತೀವಿ ಮಾವ, ಇಳಿಸ್ದೇ ಸೋತೋನಿಗೆ ಏನನ್ನೋಣ — ಏನನ್ನೋಣ, ನಲವತ್ತಮೂರು, ಛತ್ರಿ ಹಿಡಿದ ಹೆಂಗಸು ಚಿಲ್ಲರೆ ಹುಡುಕುತ್ತಿದ್ದಾಳೆ, ಹುಡುಕಲಿ, ಇನ್ನೂ ಸ್ವಲ್ಪ ಹುಡುಕಲಿ.

ಎರಡು ವರ್ಷದಲ್ಲಿ ಜೋಡಿ ಪಂದ್ಯಗಳಲ್ಲಿ ಅವರಿಬ್ಬರದೇ ಹೆಸರು, ಮಾವ ಸೊಸೆ ಅಂತ ಕಂಡವರೆಲ್ಲ ಗುರುತು ಹಿಡಿಯುವಷ್ಟು, ಅವನ ದೋಣಿಗಾರ ಸತ್ತ ಎಲೆಯೊಂದನ್ನು ಮೇಲಕ್ಕೆ ಕರೆತರುತ್ತಾನೆ, ಅದೇ ಸರದಿಯಲ್ಲಿ ಅವಳ ನಾಯಕಿ ಬಿರುಗಾಳಿಯ ರಾಣಿ ಇಳಿದರೆ ಆ ಎಲೆಯ ಬಲ ದುಪ್ಪಟ್ಟು, ಒಂದು ಸರದಿ ಹಿಂದೆ ಮುಂದೆ ಆದರೂ ಎರಡೂ ನೀರಲ್ಲಿ ಹೋಮ, ಸರದಿ ಮುಗಿಯುವವರೆಗೆ ಜೊತೆಗಾರ ಏನು ಇಳಿಸಿದ ಅಂತ ಕಾಣುವುದಿಲ್ಲ, ಹಾಗಾಗಿ ಒಬ್ಬರ ಮನಸ್ಸು ಒಬ್ಬರಿಗೆ ತಿಳಿದಿರಬೇಕು, ಅವರಿಗೆ ತಿಳಿದಿತ್ತು. ಮಾರ್ಚಿನಲ್ಲಿ ಲಿಮಾದ ದೇಶದೇಶಗಳ ಕೂಟಕ್ಕೆ ಹೋಗುವ ಉರುಗ್ವೆಯ ಜೋಡಿ ಯಾವುದು ಅಂತ ತೀರ್ಮಾನವಾಗುವ ಪಂದ್ಯ, ಅವಳು ಔಷಧಿ ಅಂಗಡಿಗೆ ರಜೆಯ ಅರ್ಜಿ ಬರೆದಿಟ್ಟಿದ್ದಳು, ಹುಟ್ಟಿದಂದಿನಿಂದ ಈ ನದಿ ದಾಟಿ ಆಚೆ ದಡ ಬಿಟ್ಟರೆ ಬೇರೆ ಊರು ಕಾಣದವಳು, ಅವನು ಅವನ ಮನೆಯಲ್ಲಿ, ಅವಳು ಅವಳ ಮನೆಯಲ್ಲಿ, ಯಾರೂ ಪಕ್ಕದವರ ಸಲಹೆ ಕೇಳಬಾರದೆಂದು ಕ್ಯಾಮೆರಾ, ನಾಲ್ವರ ಮುಖವೂ ಪರದೆಯ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಚೌಕಗಳಲ್ಲಿ, ಮಾತು ಕೂಡದು, ಸನ್ನೆ ಕೂಡದು — ಕೂಡದು ಅಂತ ಅವನೇ ಕನ್ನಡಕ ಹಾಕಿಕೊಂಡು ಓದಿ ಸಹಿ ಹಾಕಿದ್ದ. ಕೊನೆಯ ಸುತ್ತು, ಎದುರಿನವರ ಕೈ ಬರಿದಾಗುತ್ತಿದೆ, ಅವನು ಕಾಯುತ್ತಿದ್ದಾನೆ, ತಡೆದುಕೊ, ಇನ್ನೂ ಒಂದು, ಪಾಸ್ ಎಂದರು, ಈಗ, ದೋಣಿಗಾರನ ಮೇಲೆ ಬೆರಳಿಟ್ಟ, ಬೆರಳಿಡುವಾಗಲೇ ಹುಬ್ಬು ಮೇಲೆ ಹೋಯಿತು. ಎರಡೂ ಹುಬ್ಬು. ನಲವತ್ತು ವರ್ಷ ಕ್ಲಬ್ಬಿನಲ್ಲಿ ಟ್ರೂಕೊ ಆಡಿದ ಮುಖ, ಆ ಆಟದಲ್ಲಿ ಜೊತೆಗಾರನಿಗೆ ಮುಖದಲ್ಲೇ ಹೇಳುವುದು ಕಳ್ಳತನವಲ್ಲ, ಕಸುಬು, ಮೂಗು ಸುಕ್ಕಿಸಿದರೆ ಒಂದು ಎಲೆ, ಕಣ್ಣು ಹೊಡೆದರೆ ಇನ್ನೊಂದು, ಎಲ್ಲಕ್ಕಿಂತ ದೊಡ್ಡ ಎಲೆಗೆ ಹುಬ್ಬು, ಹುಟ್ಟುಗುಣ ಸುಟ್ಟರೂ ಹೋಗದು, ಅವನ ಹುಬ್ಬು ಅವನನ್ನು ಕೇಳಿ ಏರಲಿಲ್ಲ — ಮತ್ತು ಆ ಹೊತ್ತಿಗೆ ಬೆಂಕಿಪೊಟ್ಟಣದೊಳಗೆ ಅವಳು ಕೂದಲು ಕಟ್ಟುತ್ತಿದ್ದಳು, ತಲೆ ಬಗ್ಗಿಸಿ, ಎರಡೂ ಕೈ ಹಿಂದೆ, ಹಲ್ಲಿನ ನಡುವೆ ಕಪ್ಪು ರಬ್ಬರ್ ಬ್ಯಾಂಡು, ಕಣ್ಣು ಕೆಳಗೆ, ಅದನ್ನು ಅವನು ನೋಡಿದ್ದಾನೆ, ಸ್ಪಷ್ಟ ನೋಡಿದ್ದಾನೆ, ಆಮೇಲೆ ಅವಳು ಬ್ಯಾಂಡು ಬಿಗಿದು, ಬೆರಳು ಚಾಚಿ, ತನ್ನ ಲೆಕ್ಕದಲ್ಲೇ, ತನ್ನ ಬುದ್ಧಿಯಲ್ಲೇ ರಾಣಿಯನ್ನು ಇಳಿಸಿದಳು, ಗೆದ್ದರು.

ಗೆದ್ದು ಮೇಟ್ ಕಷಾಯದ ಬಟ್ಟಲಿಗೆ ಬಿಸಿನೀರು ಬಗ್ಗಿಸಿಕೊಂಡು ಒಂದು ಗುಟುಕು ಹೀರುವಷ್ಟರಲ್ಲಿ ಎದುರಿನ ಜೋಡಿ ದೂರು ಕೊಟ್ಟಿತು, ಮಾಂಟೆವಿಡಿಯೊದಿಂದ ತೀರ್ಪುಗಾರನ ಧ್ವನಿ, ಎಳೆಯ ಹುಡುಗ, ಮರ್ಯಾದಸ್ಥ, ದೋನ್ ಮಿಲ್ಟನ್, ಹುಬ್ಬು ಹಾರಿಸಿದ್ರಿ, ಮರುಕ್ಷಣ ಅವರು ರಾಣಿನ ಇಳಿಸಿದ್ರು, ಆದ್ರೆ ಅವರ ತಲೆ ಬಗ್ಗಿರೋದೂ ಕಾಣ್ತಿದೆ, ಅದಕ್ಕೇ ಕೇಳ್ತಿದೀನಿ, ಆ ಹುಬ್ಬಿಗೆ ಏನರ್ಥ, ಅದನ್ನ ಅವರು ನೋಡಿದ್ರಾ, ಒಂದು ನಿಮಿಷ ಟೈಮ್ ಇದೆ, ಯೋಚ್ನೆ ಮಾಡಿ ಹೇಳಿ, ತಪ್ಪು ಒಬ್ರದೇ ಆದ್ರೆ ಇನ್ನೊಬ್ರು ಬೇರೆ ಜೊತೆಗಾರರನ್ನ ಹುಡುಕ್ಕೊಂಡು ಮತ್ತೆ ಆಡ್ಬೋದು. ಬಾಗಿಲು ತೆಗೆದು ಹಿಡಿದುಕೊಂಡು ನಿಂತಿದ್ದ ಪುಣ್ಯಾತ್ಮ, ಅರ್ಥ ಇದು ಸ್ವಾಮಿ, ನನ್ನ ಹಾಳು ಅಭ್ಯಾಸ, ಹುಡುಗಿ ನೋಡಲಿಲ್ಲ, ನಾಲ್ಕು ಸೆಕೆಂಡು ಸಾಕಿತ್ತು, ಆದರೆ ಕ್ಲಬ್ಬಿನಲ್ಲಿ ಸನ್ನೆಯ ಅರ್ಥ ಕೇಳಿದವನಿಗೆ ಹೇಳಿದವನು ಗಂಡಸಲ್ಲ, ಕೊರಳು ಕುಯ್ದರೂ ಹೇಳಬಾರದು, ಅಪ್ಪ ಹೇಳಲಿಲ್ಲ, ಯಾರೂ ಹೇಳಲಿಲ್ಲ, ಅವನ ದವಡೆ ತಾನಾಗಿ ಬಿಗಿಯಿತು, ಎದೆ ಕೂಡ ಸ್ವಲ್ಪ ಉಬ್ಬಿತು, ಹೌದು, ಉಬ್ಬಿತು, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ, ಜೊತೆಗೆ ಆ ಇನ್ನೊಂದು ಚಟ, ತಡೆದುಕೊ, ಎದುರಿನವನು ಮೊದಲು ಕೈ ಬರಿದು ಮಾಡಿಕೊಳ್ಳಲಿ, ಕೊನೆಯಲ್ಲಿ ಹೇಳಿದರಾಯಿತು — ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ, ಅವನ ಬಂಗಾರ ಅವಳ ಕೊರಳಿಗೆ ಉರುಲಾಯಿತು, ನಿಮಿಷ ಮುಗಿಯಿತು, ತೀರ್ಪುಗಾರ ಉಸಿರೆಳೆದುಕೊಂಡು ಅವಳ ಕಡೆ ತಿರುಗಿದ, ನೀವು ನೋಡಿದ್ರಾ, ಅವಳು ಅವನ ಚೌಕವನ್ನೇ ದಿಟ್ಟಿಸಿ, ಹೌದು, ನೋಡಿದೆ, ಅಂದಳು. ಸುಳ್ಳು. ಇಬ್ಬರಿಗೂ ಒಂದು ವರ್ಷ ನಿಷೇಧ. ನೋಡಿರಲಿಲ್ಲ ಅವಳು, ತಲೆ ಬಗ್ಗಿಸಿ, ಕೈ ಹಿಂದೆ, ಹಲ್ಲಿನ ನಡುವೆ ರಬ್ಬರ್ ಬ್ಯಾಂಡು, ಮತ್ಯಾಕೆ ನೋಡಿದೆ ಅಂದಳು, ಹತ್ತೊಂಬತ್ತು ದಿನದಿಂದ ಅದೇ, ಹಲ್ಲುಜ್ಜುವಾಗ ಅದೇ, ಮಲಗಿದರೆ ಅದೇ, ಸಿಟ್ಟಿಗಾ, ಹಟಕ್ಕಾ, ಮಾವನೇ ನನ್ನನ್ನ ಮುಳುಗಿಸಿದ ಮೇಲೆ ಇನ್ನೇನು ಅಂತಲಾ, ಅಕ್ಕ ಫೋನು ಎತ್ತುವುದಿಲ್ಲ, ಆಮೇಲೆ ಮಾಂಟೆವಿಡಿಯೊಗೆ ಮೂರು ಪುಟದ ಕಾಗದ ಬರೆದ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಅಲ್ಲಿಂದ ಬಂದ ಉತ್ತರ, ಸೊಸೆ ಒಪ್ಪಿಕೊಂಡಾಗಿದೆ ದೋನ್ ಮಿಲ್ಟನ್, ಇನ್ನೇನೂ ಮಾಡೋಕಾಗಲ್ಲ, ಲಿಮಾಕ್ಕೆ ಬೇರೆ ಜೋಡಿ ಹೋಗುತ್ತದೆ, ರಜೆಯ ಅರ್ಜಿ ಹರಿದಳಂತೆ.

ನಲವತ್ತೇಳು. ಅವನು ಎದ್ದ, ಮೊಣಕಾಲು ಕಟಕಟ ಅಂದಿತು, ಏನು ಬೇಕಿತ್ತು ಸರ್, ಅಂದಳು, ಸರ್ ಅಂದಳು, ತೊಡೆಯ ಮೇಲೆ ಕೂರಿಸಿಕೊಂಡು ಆಡಿಸಿದ ಕೂಸು, ಅವನು ವೈದ್ಯರ ಚೀಟಿ ಮುಂದಿಟ್ಟ, ಅವಳು ಮಾತ್ರೆ ತಂದಿಟ್ಟಳು, ಇನ್ನೇನಾದ್ರೂ ಬೇಕಾ ಸರ್, ಜೋಡಿಸಿಟ್ಟ ಮೂರು ಮಾತು ಎಲ್ಲಿ ಹೋದವೋ, ಬಾಯಿಗೆ ಬಂದದ್ದೇ ಬೇರೆ, ನೀನು ನೋಡ್ಲಿಲ್ಲ ಯಾಮಿ, ಕೂದಲು ಕಟ್ಕೋತಿದ್ದೆ, ನಂಗೊತ್ತು, ಮತ್ಯಾಕೆ ನೋಡಿದೆ ಅಂದೆ — ಹಿಂದಿದ್ದವರು ಕತ್ತು ಚಾಚಿದರು, ಅವಳು ಮಾತ್ರೆ ಪಟ್ಟಿಯನ್ನು ಕಾಗದದ ಚೀಲಕ್ಕೆ ಹಾಕಿ ಬಾಯಿ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು, ನೀನು ಹೇಳ್ತೀಯ ಅಂತ ಕಾದೆ ಮಾವ, ಇಡೀ ನಿಮಿಷ ಕಾದೆ, ನೀನು ಹೇಳ್ಲಿಲ್ಲ, ಆಮೇಲೆ ನಾನು ನೋಡ್ಲಿಲ್ಲ ಅಂದಿದ್ರೆ ನೀನೊಬ್ನೇ ಕಳ್ಳ ಆಗ್ತಿದ್ದೆ, ಕ್ಲಬ್ಬಲ್ಲಿ ಯಾವ ಮೇಜಲ್ಲೂ ಕೂರಿಸ್ಕೋತಿರ್ಲಿಲ್ಲ ನಿನ್ನ, ಇಬ್ರದೂ ತಪ್ಪು ಅಂದ್ರೆ ಆಟ ಅಂತಾರೆ, ಒಬ್ಬಂದು ಅಂದ್ರೆ ಕಳ್ಳತನ ಅಂತಾರೆ, ಜೊತೆಗಾರನ್ನ ಒಂಟಿ ಮಾಡಿ ಮೇಜು ಬಿಟ್ಟು ಏಳ್ಬಾರ್ದು ಅಂತ ಹೇಳ್ಕೊಟ್ಟೋನು ನೀನೇ ಅಲ್ವಾ, ಮಾತ್ರೆ ಊಟ ಆದ್ಮೇಲೆ ತಗೋ. ನಲವತ್ತೆಂಟು, ಅಂತ ಅವನ ಭುಜದ ಮೇಲಿಂದ ಕೂಗಿದಳು. ಹೊರಗೆ ಬಿಸಿಲು, ಕಾಲುದಾರಿ, ಯಾರದೋ ಸ್ಕೂಟರು, ಅವನು ನಡೆಯುತ್ತಿದ್ದಾನೋ ನಿಂತಿದ್ದಾನೋ, ಅವಳಿಗೆ ಎಲ್ಲಾ ಗೊತ್ತಿತ್ತು, ನೋಡಲಿಲ್ಲ ಅಂತ ಹೇಳಬಹುದಿತ್ತು ಅವಳು, ಹೇಳಿದ್ದರೆ ಲಿಮಾ ಅವಳದಾಗುತ್ತಿತ್ತು, ಅವಳು ತನ್ನ ಎಲೆಯನ್ನು ಅವನಿಗಾಗಿ ಇಳಿಸಿದಳು, ಅವನು — ಅವನು ಕಾಯುತ್ತಿದ್ದ — ತಲೆ ಬಗ್ಗಿಸಿ, ಎರಡೂ ಕೈ ಹಿಂದೆ, ಹಲ್ಲಿನ ನಡುವೆ ಕಪ್ಪು ರಬ್ಬರ್ ಬ್ಯಾಂಡು, ಕಣ್ಣು ಕೆಳಗೆ, ನೋಡುತ್ತಿಲ್ಲ ಅವಳು, ನೋಡುತ್ತಿಲ್ಲ