ಮೂರನೆಯ ಕ್ಯಾಮೆರಾ

ಪರದೆಯ ಮೇಲಿನ ಹಸಿರು ಪಟ್ಟಿ ಶೇಕಡಾ ಅರವತ್ತೆರಡಕ್ಕೆ ಬಂದು ನಿಂತಿತು. ಸೊಸೆ ಮೌಸಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಇಂಥ ಹೊತ್ತಿನಲ್ಲಿ ಏನನ್ನೂ ಮುಟ್ಟಬಾರದು, ಮುಟ್ಟಿದರೆ ಕಂಪ್ಯೂಟರ್ ಮುನಿಸಿಕೊಳ್ಳುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ಗೋಡೆಯಾಚೆ ಹಾಲ್‌ನಲ್ಲಿ ಈಗ ಅದೇ ಅತ್ತೆಯನ್ನು ಮಲಗಿಸಿದ್ದರು. ಮೂರು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ವ್ಯಾನ್ ಬರುತ್ತದೆ. ಹನ್ನೆರಡೂವರೆಯಾಗಿತ್ತು.

"ಆಯ್ತಾ ಅತ್ತಿಗೆ?" ನಾದಿನಿ ಬಾಗಿಲಲ್ಲಿ ನಿಂತು ಕೇಳಿದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. "ಐದೇ ನಿಮಿಷದ್ದು ಸಾಕು. ಅಮ್ಮ ನಗ್ತಿರೋದು, ಮಾತಾಡ್ತಿರೋದು. ಎಲ್ಲರೂ ಕೂತು ಒಂದ್ಸಲ ನೋಡಿ ಕಳಿಸಿಕೊಡೋಣ."

"ಹುಡುಕ್ತಿದೀನಿ."

"ಹುಡುಕೋದೇನು? ಮೂವತ್ತು ವರ್ಷದ ವಿಡಿಯೊ ಇದೆ ಇಲ್ಲಿ!"

ಇತ್ತು. ಊರಿನ ಅರ್ಧ ಮದುವೆಗಳು, ಶಾಲೆಗಳ ವಾರ್ಷಿಕೋತ್ಸವಗಳು, ನಿವೃತ್ತಿಯ ದಿನದ ಉದ್ದುದ್ದ ಭಾಷಣಗಳು, ಎಲ್ಲ ಆ ಕಪಾಟಿನಲ್ಲಿದ್ದವು. ಮಾವ ತೆಗೆದು ತರುತ್ತಿದ್ದರು, ಅತ್ತೆ ಕತ್ತರಿಸಿ ಜೋಡಿಸುತ್ತಿದ್ದರು. ಮಾವ ಹೋದ ಮೇಲೆ ಎರಡೂ ಅತ್ತೆಯ ಪಾಲಿಗೆ ಬಂದವು. ಆದರೆ ಅತ್ತೆ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಯಾರಾದರೂ ಫೋನ್ ಎತ್ತಿದರೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಸ್ವಂತ ಮಗಳ ಮದುವೆಯಲ್ಲೂ ಎರಡನೆಯ ಕ್ಯಾಮೆರಾ ಹಿಡಿದು ಕಂಬದ ಮರೆಯಲ್ಲಿ ನಿಂತಿದ್ದರು. ಬೆಳಗಿನಿಂದ ಹುಡುಕಿ ಆ ಮದುವೆಯಲ್ಲಿ ಸೊಸೆಗೆ ಸಿಕ್ಕಿದ್ದು ಅವರ ಒಂದು ಮೊಣಕೈ.

ಕೊನೆಗೆ, ಹಳೆಯ ಡಿಸ್ಕಿನ ಮೂಲೆಯಲ್ಲಿ 'ಪರೀಕ್ಷೆ' ಎಂಬ ಫೋಲ್ಡರಿನಲ್ಲಿ ಮೂರು ತುಣುಕುಗಳು ಕಂಡವು. ತೆರೆದರೆ ಮಾತು ಮುಂದೆ ಓಡಿತು, ತುಟಿ ಹಿಂದೆ ಉಳಿಯಿತು. ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತ ಬಂದ ಈ ಯಂತ್ರಕ್ಕೆ ಅವು ಈಗ ಹೊರಲಾರದ ಭಾರ. ಅದಕ್ಕೇ ಮೊದಲು ಹಗುರವಾದ ಪ್ರತಿ ಮಾಡಿಕೊಳ್ಳಬೇಕು, ಕತ್ತರಿಸುವುದೆಲ್ಲ ಅದರ ಮೇಲೆ, ಕೊನೆಗೆ ಅದರ ಜಾಗದಲ್ಲಿ ಅಸಲನ್ನು ಕೂರಿಸಬೇಕು. ಹಸಿರು ಪಟ್ಟಿ ಈಗ ಆ ಪ್ರತಿಗಳನ್ನೇ ಮಾಡುತ್ತಿತ್ತು.

ಅತ್ತೆಯ ತಂಗಿ, ಚಿಕ್ಕತ್ತೆ, ಇಣುಕಿ ನೋಡಿದರು. "ಅಕ್ಕ ಹೋದ್ರೂ ಈ ಪೆಟ್ಟಿಗೆ ಮುಂದೆ ಕೂರೋರಿಗೇನೂ ಬರ ಇಲ್ಲ ಬಿಡು. ಹೊಟ್ಟೆಗೇನಾದ್ರೂ ಹಾಕ್ಕೊಂಡ್ಯಾ?"

"ಆಮೇಲೆ ಚಿಕ್ಕತ್ತೆ."

"ಅವಳೂ ಇದೇ ಅಂತಿದ್ಲು. ಆಮೇಲೆ, ಆಮೇಲೆ."

ಅವರು ತೆರೆದಿಟ್ಟು ಹೋದ ಬಾಗಿಲಿನಿಂದ ಹಾಲ್‌ನ ಮಾತು ಒಳಗೆ ಬಂತು. ಶಾಲೆಯ ಹೆಡ್‌ಮಿಸ್ಟ್ರೆಸ್ ಬಂದಿದ್ದರು. ಗಂಡ ಅವರಿಗೆ ಹೇಳುತ್ತಿದ್ದ, "ಇಲ್ಲ ಮೇಡಂ, ಅಮ್ಮನ ಜೊತೆಗೇ ವಿಡಿಯೊ ಕೆಲಸಾನೂ ಮುಗೀತು. ಶನಿವಾರದ ವಾರ್ಷಿಕೋತ್ಸವಕ್ಕೆ ನೀವು ಬೇರೆ ಯಾರನ್ನಾದ್ರೂ ನೋಡ್ಕೊಂಡ್ಬಿಡಿ. ಆ ರೂಮು ಖಾಲಿ ಮಾಡ್ತೀವಿ. ಸಾಮಾನೆಲ್ಲ ಯಾರಿಗಾದ್ರೂ ಕೊಟ್ಬಿಡೋದು."

"ನಿಮ್ಮ ಮನೆಯವರು ಜೊತೇಲಿ ಬರ್ತಿದ್ರಲ್ಲ?"

"ಅವಳಾ? ಅವಳು ವೈರ್ ಸುತ್ತೋಕೆ ಹೋಗ್ತಿದ್ಲು."

"ಸರಿ, ಇವತ್ತು ಆ ಮಾತು ಬೇಡ. ನಾಳೆ ಹುಡುಕ್ತೀನಿ."

ಗಂಡನ ದನಿಯಲ್ಲಿ ಕೊಂಕಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅವನ ಕಣ್ಣಿಗೆ ಬಿದ್ದದ್ದೇ ಅಷ್ಟು. ಸೊಸೆ ಎದ್ದು ಬಾಗಿಲು ಮುಂದೆ ಮಾಡಿದಳು. ವೈರ್ ಸುತ್ತುತ್ತಿದ್ದದ್ದೂ ನಿಜವೇ. ಎರಡು ವರ್ಷದಿಂದ ಅತ್ತೆಯ ಕಣ್ಣು ಮಂಜಾಗಿ, ಕತ್ತರಿಸುವ ಕೆಲಸವೆಲ್ಲ ಇವಳೇ ಮಾಡಿದ್ದೂ ನಿಜ. ಆದರೆ ಪ್ರತಿ ಸಲವೂ "ಇದು ಸರೀನಾ ಅತ್ತೆ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದಳು. ಇನ್ನು ಯಾರನ್ನು ಕೇಳುವುದು? ಈ ರೂಮು ಉಳಿಸಿ ಎನ್ನುವುದಕ್ಕೆ ತನಗೇನು ಹಕ್ಕು?

ಪಟ್ಟಿ ನೂರಕ್ಕೆ ಬಂತು.

*

ನಾಲ್ಕು ವರ್ಷದ ಹಿಂದೆ, ಮಾವನ ಕ್ಯಾಮೆರಾ ಕೆಟ್ಟಾಗ, ಅತ್ತೆ ಸೊಸೆ ಇಬ್ಬರೂ ಅಂಗಡಿಗೆ ಹೋಗಿದ್ದರು. ಮಾರುವವನು ಹಿಂದಿದ್ದ ಯಾರೋ ಗಂಡಸಿನ ಕಡೆ ನೋಡುತ್ತಲೇ ವಿವರ ಹೇಳುತ್ತಿದ್ದ.

"ಇಲ್ನೋಡಪ್ಪ," ಅತ್ತೆ ಚಿಟಿಕೆ ಹೊಡೆದರು. "ದುಡ್ಡು ಕೊಡೋಳು ನಾನು."

"ಇದು ತಗೊಳ್ಳಿ ಅಮ್ಮ. ಹೂವಿನ ಮೇಲಿರೋ ಇಬ್ಬನೀನೂ ಎಣಿಸಬಹುದು."

"ನಾನು ಮಕ್ಕಳ ಡ್ಯಾನ್ಸ್ ತೆಗೆಯೋಳು, ಇಬ್ಬನಿ ಯಾಕೆ ಎಣಿಸ್ಲಿ? ನಮ್ಮನೆ ಕಂಪ್ಯೂಟರ್ ಇದನ್ನ ನುಂಗುತ್ತಾ? ಅದು ಹೇಳು."

ಅವನಿಗೆ ಗೊತ್ತಿರಲಿಲ್ಲ. ಅತ್ತೆ ಚೀಲದಿಂದ ತಮ್ಮದೇ ಮೆಮೊರಿ ಕಾರ್ಡ್ ತೆಗೆದರು. ಮೂರು ಕ್ಯಾಮೆರಾ ಆರಿಸಿ, ಒಂದೊಂದನ್ನೂ ಕಣ್ಣು ಮುಚ್ಚಿ ಹಿಡಿದು, ಹೆಬ್ಬೆರಳು ತಾನಾಗಿ ಬಟನ್ ಮೇಲೆ ಬರುತ್ತದೆಯೇ ನೋಡಿದರು. ಆಮೇಲೆ ಕಾರ್ಡ್ ಹಾಕಿ ಸೊಸೆಗೆ ಕೊಟ್ಟರು. "ತೆಗಿ. ಒಂದೊಂದ್ರಲ್ಲೂ ಸ್ವಲ್ಪ ಸ್ವಲ್ಪ. ಮನೇಲಿ ಓಡಿಸಿ ನೋಡಿ, ನಾಳೆ ಬರೋಣ."

ಅಂಗಡಿಯಲ್ಲಿ ತೆಗೆಯಲು ಬೇರೇನಿತ್ತು? ಸೊಸೆ ಅತ್ತೆಯನ್ನೇ ತೆಗೆದಳು.

ಮೊದಲನೆಯದು ಮನೆಯ ಕಂಪ್ಯೂಟರಿನಲ್ಲಿ ಕುಂಟಿತು. ಉಳಿದೆರಡೂ ಸಲೀಸಾಗಿ ಓಡಿದವು ಎಂದು ಅತ್ತೆ ಹೇಳಿದರು. ಎರಡನೆಯದು ಕೈಗೆ ಹಗುರ, ಮೂರನೆಯದು ಭಾರ. ಅತ್ತೆ ಭಾರದ್ದನ್ನೇ ತಂದರು. ಮೊಂಡುತನ ಎಂದುಕೊಂಡಿದ್ದಳು ಸೊಸೆ. ಆ ತುಣುಕುಗಳನ್ನು ಅತ್ತೆ ಒಬ್ಬರೇ ಕೂತು ನೋಡಿದ್ದರು.

*

ಈಗ ಮೂರನೆಯ ತುಣುಕು ಅಡೆತಡೆಯಿಲ್ಲದೆ ಓಡಿತು. ಅತ್ತೆ ಮತ್ತೆ ಚಿಟಿಕೆ ಹೊಡೆದು ಮಾರುವವನನ್ನು ಗದರುತ್ತಿದ್ದರು, ನಗುತ್ತಿದ್ದರು, ಸೆರಗಿನಿಂದ ಕನ್ನಡಕ ಒರೆಸುತ್ತಿದ್ದರು. ಆಮೇಲೆ ಚಿತ್ರ ತೂಗಾಡಿ, ಗಾಜಿನ ಮೇಜಿನ ಮೇಲೆ ಕೂತಿತು. ಸ್ಟ್ಯಾಂಡ್ ನೋಡಿ ಬರುತ್ತೇನೆ ಎಂದು ಸೊಸೆ ಆ ಕಡೆ ಹೋಗಿದ್ದಳು. ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತಿದ್ದಳು.

"ಎರಡನೇದೇ ತಗೊಳ್ಳಿ ಅಮ್ಮ," ಮಾರುವವನ ದನಿ. "ನಿಮ್ಮ ಕೈಗೆ ಹಗುರ."

"ನನ್ನ ಕೈ ಇನ್ನೆಷ್ಟು ದಿನ? ಅವಳು ಹಿಡಿದಿದ್ದು ನೋಡಿದ್ಯಾ? ಉದ್ದ ಬೆರಳು. ಎರಡನೇದು ಅವಳ ಕೈಯಲ್ಲಿ ಆಟದ ಸಾಮಾನಿನ ಹಾಗಿತ್ತು. ಇದು ಕೂತ್ಕೊಳ್ತು."

"ಅವರು ಕಲೀತಿದಾರಾ?"

"ಕಲಿತಾಗಿದೆ ಕಣಯ್ಯಾ. ಅವಳಿಗೆ ಗೊತ್ತಾಗಿಲ್ಲ, ಅಷ್ಟೆ."

ಸೊಸೆ ಅದನ್ನು ಇನ್ನೊಮ್ಮೆ ಕೇಳಿದಳು. ಮೂರನೆಯ ಸಲ ಕೇಳಲಿಲ್ಲ. ಕರ್ಸರನ್ನು ಚಿತ್ರ ತೂಗಾಡುವುದಕ್ಕೆ ಸ್ವಲ್ಪ ಮೊದಲು, ಅತ್ತೆ ಒರೆಸಿದ ಕನ್ನಡಕ ಮೇಲೇರಿಸಿಕೊಂಡ ಗಳಿಗೆಗೆ ತಂದು, ಮುಂದಿನದನ್ನೆಲ್ಲ ಕತ್ತರಿಸಿದಳು. ಇದು ಸರಿಯೇ ಎಂದು ಯಾರನ್ನೂ ಕೇಳಬೇಕೆನಿಸಲಿಲ್ಲ. ನಾಲ್ಕು ನಿಮಿಷ ನಲವತ್ತು ಸೆಕೆಂಡು. ವೈಫೈ ಆರಿಸಿ, ತೆರೆದಿದ್ದೆಲ್ಲ ಮುಚ್ಚಿ, ಕಂಪ್ಯೂಟರನ್ನು ಅದರ ಪಾಡಿಗೆ ಬಿಟ್ಟಳು. ಎರಡು ಗಂಟೆ ಐವತ್ತಕ್ಕೆ ಮುಗಿಯಿತು.

ಟಿವಿಯಲ್ಲಿ ಅತ್ತೆ ಚಿಟಿಕೆ ಹೊಡೆದು "ಇಲ್ನೋಡಪ್ಪ" ಎಂದಾಗ ಹಾಲ್‌ನಲ್ಲಿ ಮೊದಲು ಯಾರೋ ಬಿಕ್ಕಿದರು, ಆಮೇಲೆ ಯಾರೋ ನಕ್ಕರು. ಚಿಕ್ಕತ್ತೆ ಎರಡನ್ನೂ ಒಟ್ಟಿಗೇ ಮಾಡಿದರು. "ಅಯ್ಯೋ ನಮ್ಮಕ್ಕಾ, ಅವನ ಬೆವರಿಳಿಸಿಬಿಟ್ಟೆಯಲ್ಲೇ!" ನಾದಿನಿ ಟಿವಿಯ ಹತ್ತಿರವೇ ಹೋಗಿ ಕೂತಳು.

ಗಂಡ ಕಣ್ಣೊರೆಸಿಕೊಂಡ. "ಒಂಚೂರೂ ಅಲ್ಲಾಡಿಲ್ಲ ನೋಡು. ಸ್ಟ್ಯಾಂಡ್ ಹಾಕಿದ್ರಾ?"

"ಇಲ್ಲ," ಎಂದಳು ಸೊಸೆ.

ಅವನು ಹೆಂಡತಿಯ ಮುಖವನ್ನೇ ನೋಡಿದ. ಏನೋ ಕೇಳುವಷ್ಟರಲ್ಲಿ ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಎಲ್ಲರೂ ಎದ್ದರು.

"ಕಂಪ್ಯೂಟರ್ ಆರಿಸಿ ಬಂದೆ," ಎಂದು ಅವಳು ಒಳಗೆ ಬಂದಳು. ಆರಿಸಿದಳು. ಕಪಾಟಿನ ಕೆಳಗಿನ ಖಾನೆಯಿಂದ ಕ್ಯಾಮೆರಾದ ಎರಡು ಬ್ಯಾಟರಿ ತೆಗೆದಳು. ವಾರ್ಷಿಕೋತ್ಸವ ಎಂದರೆ ನಾಲ್ಕು ಗಂಟೆ, ಒಂದು ಸಾಲದು. ಒಂದನ್ನು ಚಾರ್ಜರಿಗೆ ಕೂರಿಸಿ, ಇನ್ನೊಂದನ್ನು ಅದರ ಪಕ್ಕ ಸರದಿಗೆ ಇಟ್ಟಳು.

"ಎಲ್ಲಿದೀಯೇ?" ಗಂಡ ಕರೆದ.

"ಬಂದೆ ರೀ."

ಕೆಂಪು ದೀಪ ಹೊತ್ತಿಕೊಂಡದ್ದನ್ನು ನೋಡಿ, ಅವಳು ಬಾಗಿಲೆಳೆದುಕೊಂಡು ಹೋದಳು.