ಬಾಯಿಗೆ ಬಾರದ ಹೆಸರು

ಗಂಡನ ಮುಖದ ಮೇಲೆ ಕೂರುತ್ತಿದ್ದ ನೊಣವನ್ನು ಸೆರಗಿನಿಂದ ಓಡಿಸುತ್ತಿದ್ದ ಕಾಳಿಯಮ್ಮಾಳ ಕೈಯನ್ನು ಮಗಳು ಸರಣ್ಯಾ ಬಿಗಿಯಾಗಿ ಹಿಡಿದುಕೊಂಡಳು. ಮಗಳ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು.

“ಅಮ್ಮಾ, ನಾಲ್ಕೂಕಾಲಾಯ್ತು. ಐದಕ್ಕೆ ಮುಚ್ಚಿಬಿಡ್ತಾರೆ. ಯಾವ ಕಾಲೇಜು ಬೇಕಂತ ಈಗ ಹಾಕದಿದ್ರೆ ನರ್ಸಿಂಗ್ ಸೀಟು ಹೋಯ್ತು. ಪೆರಿಯಣ್ಣನ್ ಅಂತ ಅಪ್ಪನ ಪೇರು ಹಾಕ್ದೆ, ನನ್ನ ಪೇರೂ ಹಾಕ್ದೆ, ಎರಡೂ ತಪ್ಪು. ಇನ್ನೊಂದೇ ಸಲ ಇರೋದು. ಅಪ್ಪ ನನ್ನ ಅರ್ಜಿ ಪಾಸ್‌ವರ್ಡು ನಿನಗೆ ಹೇಳಿದಾರಲ್ಲ?”

ಹೊಸ ಪಾಸ್‌ವರ್ಡು ಮಾಡಿಕೊಳ್ಳಲು ನಂಬರು ಬರಬೇಕಾದ್ದು ಅಪ್ಪನ ಫೋನಿಗೆ. ಅದು ದ್ರಾಕ್ಷಿ ತೋಟದ ಬಾವಿಯ ತಳದಲ್ಲಿತ್ತು. ನಿನ್ನೆ ಮೋಟಾರು ನೋಡಲು ಬಗ್ಗಿ ಒಳಗೆ ಬಿದ್ದು ಸತ್ತವರನ್ನಷ್ಟೇ ಜನ ಮೇಲೆ ತಂದಿದ್ದರು.

ಕಾಳಿಯಮ್ಮಾಳಿಗೆ ಗೊತ್ತಿತ್ತು. ಆದರೆ ಹಾಳು ನಾಲಿಗೆ ಏಳಬೇಕಲ್ಲ.

*

ಹೋದ ತಿಂಗಳು ಮಗಳ ಅರ್ಜಿ ಹಾಕಿ ಕಂಬಂನ ಬ್ರೌಸಿಂಗ್ ಸೆಂಟರಿನಿಂದ ಬಂದವರೇ ಪೆರಿಯಣ್ಣನ್ ನಗುತ್ತ ಜಗಲಿಯಲ್ಲಿ ಕೂತು ಹೆಂಡತಿಯನ್ನು ಕರೆದಿದ್ದರು.

“ಪುಳ್ಳೆ, ನಮ್ಮವ್ವ ನನ್ನ ಮನೇಲಿ ಕರೀತಿದ್ದ ಪೇರು ಹಾಕಿದೀನಿ, ಜತೆಗೆ ಸರಣ್ಯಾ ಹುಟ್ಟಿದ ವರ್ಷ. ಅವ್ವ ಹೋದಮೇಲೆ ಆ ಪೇರು ಗೊತ್ತಿರೋದು ನಿನಗೊಬ್ಬಳಿಗೇ. ನೀನಂತೂ ಬಾಯಿ ಬಿಡಲ್ಲ.”

“ಗಂಡನ ಪೇರು ಹೇಳಿದ್ರೆ ಆಯುಸ್ಸು ಕಮ್ಮಿ ಅಂತ ನಿಮ್ಮವ್ವನೇ ಹೇಳಿಕೊಟ್ಟಿದ್ದು,” ಎಂದಿದ್ದಳು ಇವಳು.

“ಅದಕ್ಕೇ ಅಂದೆ. ಬ್ಯಾಂಕಿನ ಲಾಕರಿಗಿಂತ ಭದ್ರ.”

*

ಹೊರಗೆ ತಮಟೆ ಜೋರಾಯಿತು. ಹೆಣ ಎತ್ತುವವರು ಬಾಗಿಲಿಗೆ ಬಂದರು. ಪಕ್ಕದ ಮನೆಯ ಕಲೈಸೆಲ್ವಿ ಕಿವಿಯ ಹತ್ತಿರ ಬಗ್ಗಿದಳು. “ಅಕ್ಕಾ, ಹೇಳಿಬಿಡು. ಇನ್ನು ಯಾವ ಆಯುಸ್ಸು ಕಾಯ್ತೀಯ?”

ಹೇಳಿದರೆ, ಗಂಡ ಹೋದರು ಎಂದು ತಾನೂ ಒಪ್ಪಿದಂತೆ. ಮಗಳ ಬೆರಳು ಕೀಲಿಮಣೆಯ ಮೇಲೆ ಕಾಯುತ್ತಿತ್ತು. ಕಾಳಿಯಮ್ಮಾಳ್ ಅದನ್ನು ನೋಡಿದಳು. ಗಂಡನ ಮುಖ ನೋಡಲಿಲ್ಲ.

“ಚಿಕ್ಕಣ್ಣ,” ಎಂದಳು.

ಇಪ್ಪತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ. ಸರಣ್ಯಾ ಒಂದೊಂದೇ ಅಕ್ಷರ ಒತ್ತಿ ವರ್ಷ ಸೇರಿಸಿದಳು. ಪರದೆಯ ಮೇಲೆ ಕೆಂಪು ಸಾಲು ಮೂಡಿತು. ತಪ್ಪು. ಖಾತೆಗೆ ಬೀಗ ಬಿದ್ದಿತ್ತು.

ಅದೇ ಹೊತ್ತಿಗೆ ಹಾರ ಹಿಡಿದು ಒಳಗೆ ಬಂದ ಬ್ರೌಸಿಂಗ್ ಸೆಂಟರಿನ ಜೆಯರಾಜ್ ಪರದೆ ನೋಡಿ ಅಲ್ಲೇ ನಿಂತ.

“ಶುಕ್ರವಾರ ಮಾಮಾ ಬಂದಿದ್ರು ತಾಯಿ. ಪೇರು ಇಟ್ರೆ ಯಾರಾದ್ರೂ ಕಂಡುಹಿಡೀತಾರೆ, ಬದಲಾಯ್ಸಿ ಅಂತ ನಾನೇ ಅಂದೆ. ಹೊಸದು ಹಾಕೋವಾಗ ನೋಡಬಾರದೂಂತ ಆಚೆ ತಿರುಗಿ ನಿಂತಿದ್ದೆ. ನಿಮಗೆ ಹೇಳ್ತೀನಿ ಅಂದಿದ್ರು.”

ಹೇಳಿರಲಿಲ್ಲ. ಮರೆತಿದ್ದರು, ಪಾಪ.

ಗಂಡನನ್ನು ಹೊತ್ತ ಪಾಡೆ ಎದ್ದಿತು. ಬೀದಿಯ ತಿರುವಿನಲ್ಲಿ ಹೆಂಗಸರೆಲ್ಲ ವಾಡಿಕೆಯಂತೆ ನಿಂತರು. ಕಾಳಿಯಮ್ಮಾಳ್ ನಿಲ್ಲಲಿಲ್ಲ. ಕಲೈಸೆಲ್ವಿಯ ಕೈ ಕೊಡವಿ ಪಾಡೆಯ ಹಿಂದೆ ಓಡಿದಳು, ಅತ್ತೆ ಆಗೆಲ್ಲ ಮಗನನ್ನು ಊಟಕ್ಕೆ ಕೂಗುತ್ತಿದ್ದ ಅದೇ ರಾಗದಲ್ಲಿ ಕೂಗುತ್ತ:

“ಚಿಕ್ಕಣ್ಣಾ... ಏನಿಟ್ಟೆ, ಹೇಳಿಬಿಟ್ಟು ಹೋಗು. ಚಿಕ್ಕಣ್ಣಾ...”