ಎಡಗಿವಿಯ ಹಿಂದಿನ ಒಂದು ಹಿಡಿ

ಇಬ್ಬರು ಅಕ್ಕತಂಗಿಯರಲ್ಲಿ ವಿಗ್ ಕಟ್ಟುವ ತಂಗಿಯ ಕೈಚಳಕ ಎಂಥದೆಂದರೆ, ಅವಳು ಕೂದಲು ಕೂರಿಸಿ ಕಳಿಸಿದವರನ್ನು ಹೆತ್ತ ತಾಯಂದಿರೇ ಗುರುತಿಸದೆ ಬಾಗಿಲಿಂದ ಆಚೆ ಅಟ್ಟಿದ್ದುಂಟು. ಒಬ್ಬ ಮುದುಕನಂತೂ ಐವತ್ತು ವರ್ಷ ಚಿಕ್ಕವನಾಗಿ, ಮೊಮ್ಮಗನ ಬೆಂಚಿನಲ್ಲೇ ಕೂತು ಪರೀಕ್ಷೆ ಬರೆದು ಬಂದ. ಫೇಲಾದ, ಅದು ಬೇರೆ ಮಾತು.

ಕಸುಬು ಕಲಿಸಿದ ಅಮ್ಮ ಹಾಕಿದ್ದು ಒಂದೇ ಕಟ್ಟಳೆ: "ಯಾರ ಕೂದಲಾದ್ರೂ ಹಾಕು, ನಿನ್ನದು ಮಾತ್ರ ಹಾಕ್ಬೇಡ." ಯಾಕೆಂದು ಕೇಳಿದರೆ ಮಾತು ಮರೆಸುತ್ತಿದ್ದಳು.

ಶಾಲೆಯಲ್ಲಿ ಟೀಚರಾಗಿದ್ದ ಅಕ್ಕನಿಗೆ ಜ್ವರ ಬಂದು ತಲೆ ಮೊಟ್ಟೆಯಂತೆ ಬೋಳಾಯಿತು. ಇನ್ನು ಹುಟ್ಟುವುದಿಲ್ಲ ಎಂದರು ಡಾಕ್ಟರು. "ಈ ತಲೆ ಹೊತ್ಕೊಂಡು ಮಕ್ಕಳ ಮುಂದೆ ನಿಲ್ಲಲ್ಲ ಕಣೇ. ಸೋಮವಾರ ರಾಜೀನಾಮೆ" ಎಂದು ಅಕ್ಕ ಹಟ ಹಿಡಿದಳು. ತಂಗಿ ಅನ್ನ ನೀರು ಮರೆತು, ಅಕ್ಕನ ವಿಗ್ಗಿಗೆ ಬಲೆಯ ಮೇಲೆ ಎಳೆ ಎಳೆಯಾಗಿ ಲಕ್ಷ ಗಂಟು ಹಾಕಿದಳು. ಶನಿವಾರ ಸಂಜೆ ಎಡಗಿವಿಯ ಹಿಂದೆ ಒಂದೇ ಒಂದು ಹಿಡಿ ಕೂದಲು ಸಾಲದೆ ಹೋಯಿತು. ಕೂದಲು ಮಾರುವವನ ಅಂಗಡಿ ಮುಚ್ಚಿತ್ತು. ಅಕ್ಕತಂಗಿಯರ ಕೂದಲು ಒಂದೇ ಬಣ್ಣ. ತಂಗಿ ತನ್ನ ಎಡಗಿವಿಯ ಹಿಂದೆ ಕತ್ತರಿ ಆಡಿಸಿಯೇಬಿಟ್ಟಳು.

ಸೋಮವಾರ ಅಕ್ಕ ವಿಗ್ ಹಾಕಿಕೊಂಡು ಶಾಲೆಗೆ ಹೋದಳು. ಅದೇ ಗಳಿಗೆಗೆ ತಂಗಿಯ ತಲೆ ಕಡಿಯತೊಡಗಿತು. ಹೊಟ್ಟು ಉದುರಿದ ರಭಸಕ್ಕೆ ಪಕ್ಕದ ಮನೆಯವರು, ಇವಳು ಗೋಡೆಯ ಸುಣ್ಣ ಕೆರೆಯುತ್ತಿದ್ದಾಳೆಂದೇ ತಿಳಿದರು.

"ಶಾಂಪೂ ಬದಲಾಯಿಸಿದ್ರಾ? ತುಂಬಾ ಬಿಸಿನೀರು ಹಾಕ್ಕೋತೀರಾ? ಬಣ್ಣ ಗಿಣ್ಣ?" ಎಂದು ಚರ್ಮದ ಡಾಕ್ಟರಮ್ಮ ಕೇಳಿದರು. ಎಲ್ಲಕ್ಕೂ ಇಲ್ಲ. "ಹಾಗಾದ್ರೆ ಚಳಿಗೆ ಒಣಗಿರ್ಬೇಕು" ಎಂದು ಮುಲಾಮು ಕೊಟ್ಟರು.

"ಹೇನೇ ಇರ್ಬೇಕು ನಾದ್ನಿ" ಎಂದು ಅಕ್ಕನ ಗಂಡ ಕೆಣಕಿದ.

"ಇರ್ಬೋದು ಭಾವ. ನಿಮ್ಮ ತಲೇಲಿ ನೆರಳಿಲ್ಲ ಅಂತ ಇಲ್ಲಿಗೆ ಬಂದಿವೆ."

ನಕ್ಕಳೇನೋ ನಿಜ. ಆದರೆ ಕೆರೆದಾಗ ಉಗುರು ಚರ್ಮಕ್ಕೆ ತಾಗುತ್ತಿತ್ತು, ಕಡಿತಕ್ಕೆ ತಲುಪುತ್ತಿರಲಿಲ್ಲ. ಬೇರೆ ಯಾರದೋ ತಲೆ ಕೆರೆದಂತೆ. ಎಡಗಿವಿಯ ಹಿಂದಿನ ಆ ಜಾಗ ಬಿಳಿಚಿ, ಕಾಗದದಂತೆ ಒಣಗಿ, ದಿನಕ್ಕೊಂದು ಹಿಡಿ ಕೂದಲು ಬಾಚಣಿಗೆಗೆ ಬರತೊಡಗಿತು.

ಭಾನುವಾರ ಬೆಳಿಗ್ಗೆ ಅಕ್ಕ ತೊಳೆಸಲೆಂದು ವಿಗ್ ತಂದಳು. ತೆಗೆದು ಕೈಗಿಟ್ಟು, ಬೋಳುತಲೆ ಬಗ್ಗಿಸಿ, "ಇಲ್ಲಿ ನೋಡೇ! ಹುಟ್ಟಿದೆ!" ಎಂದು ಮಗುವಿನಂತೆ ಕೂಗಿದಳು.

ಎಡಗಿವಿಯ ಹಿಂದೆ ಅಂಗೈಯಗಲ ಕಪ್ಪು ಕೂದಲು. ಆರೇ ದಿನಕ್ಕೆ ಬೆರಳುದ್ದ. ತನ್ನ ತಲೆಯಿಂದ ಹೋಗುತ್ತಿರುವ ಕೂದಲು ಎಲ್ಲಿಗೆ ಸೇರುತ್ತಿದೆ ಎಂದು ತಂಗಿಗೆ ಗೊತ್ತಾಯಿತು. ಆ ಹಿಡಿಯನ್ನು ವಿಗ್ಗಿನಿಂದ ಈಗಲೇ ಕಿತ್ತುಹಾಕದಿದ್ದರೆ ತಾನು ಬೋಳಾಗುವುದು ಖಂಡಿತ. ವಿಗ್ಗನ್ನು ಮರದ ತಲೆಗೆ ಸಿಕ್ಕಿಸಿ, ಬೆನ್ನು ತಿರುಗಿಸಿ, ತನ್ನ ಕೂದಲಿನ ಒಂದೇ ಒಂದು ಗಂಟನ್ನು ಕತ್ತರಿಸಿದಳು.

"ಆಯ್!"

ಕೋಣೆಯ ಆ ತುದಿಯಲ್ಲಿ ಅಕ್ಕ ಕಿವಿಯ ಹಿಂದೆ ಕೈ ಒತ್ತಿಕೊಂಡಿದ್ದಳು. ಬೆರಳಿಗೆ ಒಂದು ಹನಿ ರಕ್ತ, ಒಂದು ಕೂದಲು. "ಮತ್ತೆ ಉದುರೋಕೆ ಶುರುವಾಯ್ತೇನೇ?" ಅವಳ ಮುಖ ಜ್ವರದ ದಿನಗಳದ್ದೇ ಆಗಿತ್ತು.

ತಂಗಿ ಕತ್ತರಿ ಕೆಳಗಿಟ್ಟಳು. "ಇಲ್ಲಕ್ಕ. ಉದುರಲ್ಲ ಬಿಡು."

ಅಕ್ಕ ನೊಂದ ಜಾಗವನ್ನು ಮೆಲ್ಲಗೆ ಕೆರೆದುಕೊಂಡಳು. ಆರು ದಿನದಲ್ಲಿ ಮೊದಲ ಸಲ ತಂಗಿಯ ತಲೆಯ ಕಡಿತ ತಣಿಯಿತು. ಕಣ್ಣು ತಾನಾಗಿ ಮುಚ್ಚಿತು.

"ಅಕ್ಕಾ, ನಿಲ್ಲಿಸ್ಬೇಡ. ಇನ್ನೊಂಚೂರು ಮೇಲೆ."

"ನನ್ನ ತಲೆ ನಾನು ಕೆರ್ಕೊಂಡ್ರೆ ನಿಂಗೇನೇ?"

"ಕೆರಿ, ಹೇಳ್ತೀನಿ."

ಅಕ್ಕ ಕೆರೆದಳು. ತಂಗಿಯ ಭುಜದ ಮೇಲೆ ಬಿಳಿ ಹೊಟ್ಟು ಸದ್ದಿಲ್ಲದೆ ಉದುರಿತು.